ಹನ್ನೊಂದು ಟೋಕನ್, ಹನ್ನೆರಡು ಎಡ ಕಿಡ್ನಿ

ಗುರುವಾರ ಬೆಳಿಗ್ಗೆ ಟೋಕನ್ ಅಣ್ಣ ರಿಜಿಸ್ಟರಿನ ಹೊಸ ಪುಟಕ್ಕೆ ಗೆರೆ ಎಳೆಯುತ್ತಿದ್ದ. ಸ್ಕ್ಯಾನಿಂಗ್ ವಿಭಾಗದ ಬೆಂಚುಗಳು ಇನ್ನೂ ಖಾಲಿಯಿದ್ದವು. ಆಯಾ ನೆಲ ಒರೆಸಿ ಹೋದ ಪಸೆ ಹಾಗೇ ಇತ್ತು. ಆ ಒದ್ದೆ ನೆಲವನ್ನು ಲೆಕ್ಕಕ್ಕಿಡದೆ ಸರ್ಜನ್ ದಡದಡ ನಡೆದು ಬಂದರು. ಕೈಯಲ್ಲಿ ದೊಡ್ಡ ಲಕೋಟೆ. ಅವರ ಹಿಂದೆ, ಆಪರೇಷನ್ನಿಗೆಂದು ಉಡಿಸಿದ ಹಸಿರು ಗೌನಿನ ಮೇಲೆ ತನ್ನದೇ ಶಾಲು ಹೊದ್ದುಕೊಂಡು, ಟೈಲರಮ್ಮ.

“ಎಲ್ಲಿ ಆ ಹುಡುಗಿ? ಮಂಗಳವಾರ ಈಯಮ್ಮನಿಗೆ ಸ್ಕ್ಯಾನ್ ಮಾಡಿದೋಳು?”

ಟೋಕನ್ ಅಣ್ಣ ಪೆನ್ನನ್ನು ಕಿವಿಯ ಸಂದಿಗೆ ಸಿಕ್ಕಿಸಿ ಎದ್ದು ನಿಂತ. ಆಸ್ಪತ್ರೆಯ ಮುಖ್ಯಸ್ಥರೂ ಅವರೇ. ಅವರು ಬೆಳಿಗ್ಗೆ ಎಂಟಕ್ಕೆ ಈ ಕಡೆ ಕಾಲಿಟ್ಟದ್ದು ಅವನು ಕಂಡಿರಲಿಲ್ಲ. “ಒಳಗಿದ್ದಾಳೆ ಸಾರ್. ಮೆಷಿನ್ ಒರೆಸ್ತಿದ್ದಾಳೆ.”

ಆ ಹುಡುಗಿಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಆಳು ಅಷ್ಟು ಪುಟ್ಟ. ರೋಗಿಯ ಮಂಚದ ಪಕ್ಕ ಮರದ ಮಣೆ ಹಾಕಿಕೊಂಡು, ಅದರ ಮೇಲೆ ನಿಂತೇ ಹೊಟ್ಟೆಯ ಮೇಲೆ ಪ್ರೋಬ್ ಆಡಿಸಿ ಸ್ಕ್ಯಾನ್ ಮಾಡುತ್ತಿದ್ದಳು. ಎಮ್ಮೆ ಕಾಯುವ ಮನೆಯಿಂದ ಬಂದು, ಮೂರು ವರ್ಷ ಓದಿ, ಆರು ತಿಂಗಳು ಕೈ ಪಳಗಿಸಿಕೊಂಡು, ಅವಳು ಕೆಲಸದಲ್ಲಿ ಕಾಯಂ ಆಗುವ ಪತ್ರಕ್ಕೆ ಅಂದೇ ಸಂಜೆ ನಾಲ್ಕಕ್ಕೆ ಸಹಿ ಬೀಳಬೇಕಿತ್ತು.

ಸರ್ಜನ್ ಲಕೋಟೆಯನ್ನು ಮಂಚದ ಮೇಲೆ ಒಗೆದರು. “ನಿನ್ನ ಸ್ಕ್ಯಾನಿನಲ್ಲಿ ಈಯಮ್ಮನ ಎಡ ಕಿಡ್ನಿ ನೀರು ತುಂಬಿದ ಚೀಲದ ಹಾಗೆ ಊದಿದೆ. ಬಾಯಲ್ಲಿ ಕಲ್ಲು ಕಚ್ಚಿಕೊಂಡಿದೆ. ಇವತ್ತು ಕತ್ತರಿ ಹಾಕೋನಿದ್ದೆ. ಯಾಕೋ ಮನಸ್ಸು ತಡೀಲಿಲ್ಲ, ನಿನ್ನೆ ದೊಡ್ಡ ಆಸ್ಪತ್ರೆಗೆ ಕಳಿಸಿ ಸಿ.ಟಿ. ತೆಗೆಸಿದೆ. ಈಗಷ್ಟೇ ವರದಿ ಬಂತು. ಕಲ್ಲೂ ಇಲ್ಲ, ನೀರೂ ಇಲ್ಲ!”

“ನನಗಿದ್ದದ್ದು ಹೊಟ್ಟೆನೋವು ಅಷ್ಟೇ. ಅದೂ ನಿನ್ನೆಗೆ ಹೋಯ್ತು,” ಎಂದಳು ಟೈಲರಮ್ಮ. “ಬೆಳಿಗ್ಗೆ ಬೆಳಿಗ್ಗೆ ಈ ಗೌನು ಉಡಿಸಿದ್ರು. ಯಾವ ಕೈ ಹೊಲಿದಿದ್ದೋ, ಒಂದು ತೋಳು ಮೇಲೆ ಒಂದು ತೋಳು ಕೆಳಗೆ.”

ಗುಬ್ಬಿ ಒರೆಸುವ ಬಟ್ಟೆ ಕೆಳಗಿಟ್ಟಳು. “ಸಾರ್, ಇವರ ಎಡ ಕಿಡ್ನಿ ನಾನು ನೋಡಿದ್ದೆ. ಚೆನ್ನಾಗಿತ್ತು. ಕೈಬರಹದ ಹಾಳೇಲಿ ಹಾಗೇ ಬರೆದಿದ್ದೀನಿ.”

“ಹಾಗಾದ್ರೆ ಇದೇನು?”

ಪರದೆಯ ಮೇಲೆ ಟೈಲರಮ್ಮನ ಹೆಸರಿತ್ತು. ಅದರ ಕೆಳಗೆ ಚಿತ್ರಗಳು ಸಾಲಾಗಿ ಬಂದವು. ಹನ್ನೊಂದು ಗಂಟೆಯಿಂದ ಹನ್ನೊಂದೂ ಆರರವರೆಗೆ ಪಿತ್ತಜನಕಾಂಗ, ಬಲ ಕಿಡ್ನಿ, ಎಡ ಕಿಡ್ನಿ, ಎಲ್ಲ ನೆಟ್ಟಗಿವೆ. ಹನ್ನೊಂದೂ ನಲವತ್ತಕ್ಕೆ ಮೂತ್ರಕೋಶ. ನಡುವೆ, ಹನ್ನೊಂದೂ ಹದಿನಾಲ್ಕರಿಂದ ಹದಿನಾರರೊಳಗೆ, ಮೂರು ಚಿತ್ರ. ಮೂರರಲ್ಲೂ ಊದಿದ ಕಿಡ್ನಿ. ಬಿಳಿಯ ಕಲ್ಲೊಂದು, ಅದರ ಹಿಂದೆ ಕಪ್ಪು ನೆರಳಿನ ಪಟ್ಟೆ. ದೂರದ ಊರಿನಲ್ಲಿ ಕೂತು ವರದಿ ಬರೆಯುವ ಡಾಕ್ಟರು ಎರಡು ಎಡ ಕಿಡ್ನಿ ಕಂಡು, ಒಂದೇ ಕಿಡ್ನಿಯನ್ನು ಎರಡು ಸಲ ನೋಡಿದ್ದಾರೆಂದುಕೊಂಡು, ಕೆಟ್ಟದ್ದನ್ನೇ ನಂಬಿದ್ದರು.

“ಆ ಹೊತ್ತಲ್ಲಿ ನಾನು ಇಲ್ಲಿರ್ಲಿಲ್ಲ ಸಾರ್,” ಎಂದಳು ಗುಬ್ಬಿ. “ಮೂತ್ರಕೋಶ ತುಂಬಿರ್ಲಿಲ್ಲ ಅಂತ ಇವರನ್ನ ನೀರು ಕುಡಿಯೋಕೆ ಬೆಂಚಿಗೆ ಕಳಿಸಿದೆ. ಇವರದ್ದೇ ಕೊನೇ ಟೋಕನ್ನು. ಅದಕ್ಕೆ ಮೆಷಿನ್ನಿನಲ್ಲಿ ಇವರ ಹೆಸರು ಮುಚ್ಚದೆ ಹಾಗೇ ಬಿಟ್ಟು, ಹಿಂದಿನ ಬಾಗಿಲಿಂದ ಹೆಂಗಸರ ವಾರ್ಡಿಗೆ ಹೋಗಿದ್ದೆ.”

“ವಾರ್ಡಲ್ಲಿ ನಿನ್ನ ಯಾರು ನೋಡಿದ್ರು?”

“...ನರ್ಸಮ್ಮ ಆ ತುದೀಲಿದ್ರು.”

“ಅಂದ್ರೆ ಯಾರೂ ನೋಡಿಲ್ಲ.” ಸರ್ಜನ್ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ಕೆಂಪು ಅಕ್ಷರದ ಫಲಕವಿತ್ತು: ‘ಟೋಕನ್ ಇಲ್ಲದೆ ಯಾರಿಗೂ ಸ್ಕ್ಯಾನ್ ಇಲ್ಲ. ತಪ್ಪಿದವರಿಗೆ ಕೆಲಸವೂ ಇಲ್ಲ.’ “ಹಿಂದೊಂದು ಸಲ ಯಾವುದೋ ಅಜ್ಜಿ ಕಾಲು ಹಿಡಿದಳು ಅಂತ ನೀನು ಟೋಕನ್ ಇಲ್ಲದೆ ನೋಡಿ ಕಳಿಸಿದ್ದೀಯ. ಅವತ್ತೇ ನಾನು ಎಚ್ಚರಿಕೆ ಕೊಟ್ಟಿದ್ದೆ. ಈಗಲೂ ಯಾರೋ ಪರಿಚಯದವರನ್ನ ಹಿಂದಿನ ಬಾಗಿಲಿಂದ ಕರ್ಕೊಂಡು ಬಂದಿದ್ದೀಯ. ಹೆಸರು ಬದಲಾಯಿಸೋದು ಮರೆತಿದ್ದೀಯ. ಯಾರದು?”

“ಯಾರನ್ನೂ ಕರ್ಕೊಂಡು ಬಂದಿಲ್ಲ ಸಾರ್.”

“ನೋಡಮ್ಮ, ನಿನ್ನ ನೌಕರಿ ಒಂದು ಕಡೆ ಇರಲಿ. ಈ ಕಿಡ್ನಿ ಯಾರದ್ದೋ ಅವರು ಎರಡು ದಿನದಿಂದ ಎಲ್ಲೋ ಹೊರಳಾಡ್ತಿದ್ದಾರೆ. ಕಟ್ಟಿಕೊಂಡ ನೀರಿಗೆ ಕೀವು ಸೇರಿ ಜ್ವರ ಹತ್ತಿದ್ರೆ ಕಿಡ್ನಿ ಹೋಗುತ್ತೆ. ಮನುಷ್ಯನೇ ಹೋಗ್ಬಹುದು. ನಾಲ್ಕು ಗಂಟೆ ಒಳಗೆ ಹೆಸರು ಹೇಳು. ಇಲ್ಲದಿದ್ರೆ ಆ ಪತ್ರ ಹರಿದು, ನಿನ್ನ ರಿಜಿಸ್ಟ್ರೇಷನ್ನಿನ ಮೇಲೆ ಷರಾ ಬರೆದು ಕಳಿಸ್ತೀನಿ. ಆಮೇಲೆ ಯಾವ ಆಸ್ಪತ್ರೆಯವರೂ ನಿನ್ನ ಕೈಗೆ ಪ್ರೋಬ್ ಕೊಡಲ್ಲ.”

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ವಿಭಾಗದ ಮೇಲ್ವಿಚಾರಕರು, ಗುಬ್ಬಿಯ ಹಾಗೆ ಎಷ್ಟೋ ಜನಕ್ಕೆ ಪ್ರೋಬ್ ಹಿಡಿಯುವುದನ್ನು ಕಲಿಸಿದವರು, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷ ಒಂದೇ ಭಂಗಿಯಲ್ಲಿ ಕೈ ಚಾಚಿ ಚಾಚಿ ಬಲ ಭುಜ ಕೆಟ್ಟು, ಎರಡು ವರ್ಷದಿಂದ ಸ್ಕ್ಯಾನ್ ಬಿಟ್ಟು ಮೇಜಿನ ಕೆಲಸಕ್ಕೆ ಸರಿದಿದ್ದರು. ಮುಂದಿನ ತಿಂಗಳು ಹೊಸ ತರಬೇತಿ ಶಾಲೆಗೆ ಮುಖ್ಯ ಶಿಕ್ಷಕರಾಗಿ ಹೋಗುವವರಿದ್ದರು. ಗೋಡೆಯ ಫಲಕ ಬರೆಸಿದ್ದೂ ಅವರೇ.

“ಅವಳಿಗೆ ಒಂದು ಅವಕಾಶ ಕೊಡಿ ಸಾರ್,” ಎಂದರು ಮೇಷ್ಟ್ರು. ಹಣೆಯ ಬೆವರು ಒರೆಸಿಕೊಂಡು, ಕೈಯಲ್ಲಿದ್ದ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು.

“ಯಾರಾದ್ರೂ ಮುಂದಿನ ಬಾಗಿಲಿಂದ ಬಂದ್ರಾ?” ಸರ್ಜನ್ ಟೋಕನ್ ಅಣ್ಣನತ್ತ ತಿರುಗಿದರು.

“ಇಲ್ಲ ಸಾರ್. ನಾನು ಕೂತ ಜಾಗ ಬಿಟ್ಟು ಕದಲಲಿಲ್ಲ.”

ಅದು ಸುಳ್ಳು. ಟೈಲರಮ್ಮನಿಗೆ ಕುಡಿಯಲು ಕೊಟ್ಟು ನೀರಿನ ಕ್ಯಾನು ಬರಿದಾಗಿತ್ತು. ತುಂಬಿಸಲು ಅವನು ನಲ್ಲಿಯವರೆಗೆ ಹೋಗಿದ್ದ.

ಅವನಿಗೆ ಅಂದು ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹೊಸ ರೋಗಿಗಳಿಗೆ ನಿಂತೇ ಟೋಕನ್ ಬರೆದ. ಆರನೆಯದಾದ ಮೇಲೆ ಇನ್ನೊಮ್ಮೆ ಆರು ಬರೆದ. ಗುಬ್ಬಿ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಓಡಾಡುತ್ತಿದ್ದಳು. ಮೇಷ್ಟ್ರು ಕಾರಿಡಾರಿನಲ್ಲಿ ಬೋನಿನಲ್ಲಿ ಸಿಕ್ಕಿದ ಹುಲಿಯ ಹಾಗೆ ಶತಪಥ ಹಾಕುತ್ತಿದ್ದರು. ಸರ್ಜನ್ ಅಂತೂ ಕಾಲಿಗೆ ಚಕ್ರ ಕಟ್ಟಿಕೊಂಡವರೇ. ವಾರ್ಡು ವಾರ್ಡು ಸುತ್ತಿ, ಸೊಂಟನೋವು ಯಾರಿಗಿದೆ, ಜ್ವರ ಯಾರಿಗಿದೆ ಎಂದು ಹುಡುಕಿಸಿದರು. ಅಂಥವರು ಸಿಗಲಿಲ್ಲ.

ಹತ್ತೂವರೆಗೆ ಟೋಕನ್ ಅಣ್ಣ ತಡೆಯಲಾರದೆ ಎಕ್ಸ್‌ರೇ ಕೋಣೆಗೆ ಹೋದ. ಅಲ್ಲಿ ಎಕ್ಸ್‌ರೇ ತೆಗೆಯುವ ನೆರಳಕ್ಕ ಒಬ್ಬ ಗಾರೆ ಕೆಲಸದವನ ಮೊಣಕೈಯನ್ನು ತಟ್ಟೆಯ ಮೇಲೆ ಹದವಾಗಿ ಮಲಗಿಸುತ್ತಿದ್ದಳು, ಎಳೆಗರುವನ್ನು ಹುಲ್ಲಿನ ಮೇಲೆ ಮಲಗಿಸುವ ಹಾಗೆ.

ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ವಸತಿಯಲ್ಲೇ ಅವಳ ವಾಸ. ಫಿಲಂ ತೊಳೆಯುತ್ತಿದ್ದ ಕಾಲದಲ್ಲಿ ಕತ್ತಲೆ ಕೋಣೆಗೆ ಸೇರಿದವಳು. ಆ ಔಷಧದ ಕಂದು ಇಂದಿಗೂ ಉಗುರಿನಿಂದ ಹೋಗಿರಲಿಲ್ಲ. ಆಸ್ಪತ್ರೆಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಮೊದಲು ಹೋಗುತ್ತಿದ್ದದ್ದು ಅವಳ ಬಳಿಗೆ. ಪರೀಕ್ಷೆಗೆ ಹೆದರಿ ಕೈ ಮುರಿದಿದೆಯೆಂದು ತನ್ನಣ್ಣನ ಹಳೆಯ ಎಕ್ಸ್‌ರೇ ತಂದ ಹುಡುಗನನ್ನು ಅವಳು ಒಂದೇ ನೋಟಕ್ಕೆ ಹಿಡಿದಿದ್ದಳು: ಫಿಲಮಿನ ಮೂಲೆಯಲ್ಲಿ, ಹೋದ ವರ್ಷವೇ ಕೆಲಸ ಬಿಟ್ಟ ಎಕ್ಸ್‌ರೇಯವನ ಹೆಬ್ಬೆರಳ ಗುರುತಿತ್ತು. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಿಕೊಂಡು ಅವಳೆದುರು ಕೂತು ಅಂಥವನ್ನೆಲ್ಲ ಕೇಳಿ ತಿಳಿದುಕೊಳ್ಳುವುದು ಟೋಕನ್ ಅಣ್ಣನ ಹದಿನಾರು ವರ್ಷದ ಅಭ್ಯಾಸ.

ಅವನು ಎಲ್ಲ ಹೇಳಿದ. ಕೊನೆಗೆ ತನ್ನ ಸುಳ್ಳನ್ನೂ.

“ಗುಬ್ಬಿ ಯಾರನ್ನೂ ಕರ್ಕೊಂಡು ಬಂದಿಲ್ಲ ಅಂತ ನಿನಗೆ ನಂಬಿಕೇನಾ?” ಕೇಳಿದಳು ನೆರಳಕ್ಕ.

“ಅವಳು ಹಾಗೆ ಮಾಡಿದ್ರೆ ಹೇಳ್ತಾಳಕ್ಕ. ಹೋದ ಸಲ ಅಜ್ಜಿ ವಿಷಯ ಯಾರೂ ಕೇಳೋಕೆ ಮುಂಚೆ ಅವಳೇ ಹೋಗಿ ಹೇಳಿದ್ಲು.”

“ಹ್ಞೂಂ. ನಡಿ. ಮೊದಲು ಟೈಲರಮ್ಮನ ಹತ್ತಿರ ನಿನ್ನ ಮಾನ ಉಳಿಯುತ್ತಾ ನೋಡೋಣ.”

ಟೈಲರಮ್ಮ ಸ್ವಂತ ಬಟ್ಟೆ ತೊಟ್ಟು ಬೆಂಚಿನ ತುದಿಯಲ್ಲಿ ಕೂತಿದ್ದಳು. ಮನೆಗೆ ಹೋಗು ಎಂದರೂ ಹೋಗಿರಲಿಲ್ಲ. “ನನ್ನ ಹೆಸರಲ್ಲಿ ಯಾರದ್ದೋ ಕಿಡ್ನಿ ಕೂತಿದೆ. ಅದು ಯಾರದ್ದು ಅಂತ ಗೊತ್ತಾಗದೆ ಅಂಗಡಿಗೆ ಹೋದ್ರೆ ಸೂಜಿಗೆ ದಾರ ಹೋಗುತ್ತಾ?”

“ಮಂಗಳವಾರ ನೀವು ಇಲ್ಲಿ ನೀರು ಕುಡೀತಿದ್ದಾಗ ಈ ಬಾಗಿಲಿಂದ ಯಾರು ಒಳಗೆ ಹೋದ್ರು?”

“ಯಾರೂ ಇಲ್ಲ. ಬಾಗಿಲ ಎದುರೇ ಕೂತಿದ್ದೆ. ನಿಮ್ಮ ಟೋಕನ್ನಿನವರು ಕ್ಯಾನು ತಗೊಂಡು ಹೋದ್ರು, ಬಂದ್ರು. ಆಮೇಲೆ ಹುಡುಗಿ ಕರೀತು.”

“ಏನಾದ್ರೂ ವಿಚಿತ್ರ ಕಣ್ಣಿಗೆ ಬಿತ್ತಾ?”

“ವಿಚಿತ್ರ ಏನು? ಇಲ್ಲಿ ಒಬ್ಬರಿಗೂ ನೆಟ್ಟಗೆ ಬಟ್ಟೆ ಹಾಕ್ಕೊಳ್ಳೋಕೆ ಬರಲ್ಲ. ಆ ಹುಡುಗಿ ಕೋಟಿನ ತೋಳು ಬೆರಳು ಮುಚ್ಚುತ್ತೆ. ಇವರ ಕಾಲರು ಪಿಸಿದಿದೆ. ಮಂಗಳವಾರ ಸ್ಕ್ಯಾನ್ ಮುಗಿಸಿ ನಾನು ಹೊರಗೆ ಬರೋವಾಗ ನಿಮ್ಮ ಮೇಷ್ಟ್ರು ಎದುರಾದ್ರು, ಅವರ ಶರ್ಟು ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ. ದೊಡ್ಡ ಡಾಕ್ಟರ ಕೋಟಿಗೆ ನಡೂ ಗುಂಡಿನೇ ಇಲ್ಲ. ಕಳಿಸಿಕೊಡಿ, ಎಲ್ಲ ಸರಿ ಮಾಡ್ತೀನಿ.”

ಟೋಕನ್ ಅಣ್ಣ ಕಾಲರು ಮುಟ್ಟಿ ನೋಡಿಕೊಂಡ. ನೆರಳಕ್ಕ ನಕ್ಕು ಒಳಗೆ ನಡೆದಳು.

ಸ್ಕ್ಯಾನಿಂಗ್ ಕೋಣೆಯಲ್ಲಿ ಅವಳು ಅವಸರ ಮಾಡಲಿಲ್ಲ. ಅದೇ ಟೋಕನ್ ಅಣ್ಣನಿಗೆ ಸಂಕಟ. ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು, ಹನ್ನೆರಡಾಯಿತು. ಅವಳು ಮಂಗಳವಾರದ ಒಂದೊಂದೇ ಟೋಕನ್ನಿನ ಚಿತ್ರಗಳನ್ನು ಹೊಲದಲ್ಲಿ ಕಳೆ ಹುಡುಕುವವಳ ಹಾಗೆ ನೋಡುತ್ತ ಹೋದಳು.

“ಹನ್ನೊಂದು ಟೋಕನ್ನು. ಹನ್ನೊಂದೂ ಹೊಟ್ಟೆ ಸ್ಕ್ಯಾನು. ಪ್ರತಿಯೊಬ್ಬರ ಹೆಸರಲ್ಲೂ ಅವರವರ ಎಡ ಕಿಡ್ನಿ ಇದೆ, ಚೆನ್ನಾಗೂ ಇದೆ. ಟೈಲರಮ್ಮನ ಹೆಸರಲ್ಲಿ ಮಾತ್ರ ಎರಡು. ಅಂದ್ರೆ ಹನ್ನೊಂದು ಜನ, ಹನ್ನೆರಡು ಎಡ ಕಿಡ್ನಿ. ನಿನ್ನ ರಿಜಿಸ್ಟರಿನಲ್ಲಿ ಹುಡುಕಿ ಪ್ರಯೋಜನ ಇಲ್ಲ ಕಣೋ ಟೋಕನ್ನು. ಈ ಮನುಷ್ಯ ಅದರಲ್ಲಿಲ್ಲ.”

“ಹಾಗಾದ್ರೆ ಎಲ್ಲಿ ಹುಡುಕೋದಕ್ಕ?”

ಅವಳು ಮೂರು ಚಿತ್ರಗಳನ್ನು ಮತ್ತೆ ತೆರೆದು, ತಲೆ ವಾಲಿಸಿ ನೋಡಿದಳು. “ಗುಬ್ಬಿ, ಕಿಡ್ನಿ ಉದ್ದಕ್ಕೆ ಹಿಡಿದಾಗ ಪರದೆಯಲ್ಲಿ ರೋಗಿಯ ತಲೆ ಯಾವ ಕಡೆ ಬರಬೇಕು?”

“ಎಡಕ್ಕೆ ಅಕ್ಕ. ಪ್ರೋಬಿನ ಪಕ್ಕ ಅಕ್ಕಿಕಾಳಿನಷ್ಟು ಬೊಟ್ಟಿದೆಯಲ್ಲ, ಅದು ಯಾವಾಗಲೂ ರೋಗಿಯ ತಲೆ ಕಡೆ ಇರಬೇಕು. ಹೆಬ್ಬೆರಳು ಅದರ ಮೇಲೆ. ಮೇಷ್ಟ್ರು ಮೊದಲ ದಿನವೇ ಕಲಿಸಿದ್ದು.”

“ಇಲ್ಲಿ ನೋಡು. ಎಡ ಕಿಡ್ನಿಯ ತಲೆ ಮೇಲೆ ಗುಲ್ಮ ಅನ್ನೋ ಅಂಗ ಇರುತ್ತೆ. ಈ ಮೂರರಲ್ಲಿ ಗುಲ್ಮ ಬಲಕ್ಕಿದೆ.”

ಗುಬ್ಬಿ ಮಣೆಯಿಂದ ಇಳಿದು ಪರದೆಗೆ ಮುಖ ತಾಗಿಸಿದಳು. “ಪ್ರೋಬ್ ತಲೆಕೆಳಗಾಗಿದೆ! ಇದು ನನ್ನ ಕೈ ಅಲ್ಲ ಅಕ್ಕ.”

“ಇದನ್ನ ಹೇಳಿದ್ರೆ ಅವಸರಕ್ಕೆ ಹಾಗಾಯ್ತು ಅಂತಾರೆ. ಮಂಗಳವಾರ ನೀನು ವಾರ್ಡಿಂದ ವಾಪಸ್ ಬಂದಾಗ ಇಲ್ಲಿ ಏನು ಬದಲಾಗಿತ್ತು?”

ಗುಬ್ಬಿ ಕಣ್ಣು ಮುಚ್ಚಿದಳು. “ಪರದೆ ಮಂಚದ ಕಡೆ ತಿರುಗಿತ್ತು. ನೀರು ಕುಡಿಯೋಕೆ ಏಳೋವಾಗ ಟೈಲರಮ್ಮ ತಿರುಗಿಸಿ ನೋಡಿದ್ರೇನೋ ಅಂದ್ಕೊಂಡೆ. ಕಾಲಿನ ಪೆಡಲ್ಲು ಮಣೆ ಹತ್ತಿರ ಇರ್ಲಿಲ್ಲ. ಮಂಚದ ಕೆಳಗೆ, ಆಚೆ ಹೋಗಿತ್ತು. ಚಿತ್ರ ನಿಲ್ಲಿಸೋ ಗುಂಡಿ, ಉಳಿಸೋ ಗುಂಡಿ ಎರಡೂ ನನ್ನ ಕೈಗೆ ಎಟಕಲ್ಲ. ಅದಕ್ಕೆ ಪೆಡಲ್ ಒತ್ತಿದ್ರೆ ನಿಲ್ಲೋದೂ ಉಳಿಯೋದೂ ಒಟ್ಟಿಗೇ ಆಗೋ ಹಾಗೆ ಹೋದ ವಾರ ಮೆಷಿನ್ ರಿಪೇರಿಯವರ ಹತ್ತಿರ ಮಾಡಿಸ್ಕೊಂಡಿದ್ದೆ. ಮೊದಲು ಬರೀ ನಿಲ್ತಿತ್ತು.”

“ಇದು ಯಾರಿಗೆ ಗೊತ್ತು?”

“ನಾನೊಬ್ಬಳೇ ತಾನೇ ಅಕ್ಕ ಇಲ್ಲಿ ಸ್ಕ್ಯಾನ್ ಮಾಡೋದು. ಯಾರಿಗೆ ಹೇಳ್ಲಿ?”

ಆಯಾಳನ್ನು ಕರೆದದ್ದಾಯಿತು. ಅವಳ ದೂರು ಬೇರೆಯೇ ಇತ್ತು. “ನಾನು ಸೊಂಟ ಮುರ್ಕೊಂಡು ಮಂಚಕ್ಕೆ ಕಾಗದ ಹಾಸ್ತೀನಿ, ಇವರು ಹಾಳು ಮಾಡ್ತಾರೆ. ಮಂಗಳವಾರ ಟೈಲರಮ್ಮ ಇಳಿದ ಕೂಡಲೆ ಹೊಸದು ಹಾಸಿ ಹೋಗಿದ್ದೆ. ಗುಬ್ಬಿ ಬಂದು, ಕಾಗದ ಬದಲಾಯಿಸಮ್ಮ, ಜೆಲ್ ಆಗಿದೆ ಅಂತಾಳೆ. ನೋಡಿದ್ರೆ ಮಂಚದ ಅಂಚಲ್ಲಿ ಮಾತ್ರ ಸುಕ್ಕು, ಒಂದಂಗೈ ಜೆಲ್ಲು. ಮಿಕ್ಕಿದ್ದು ಗರಿಗರಿ. ಯಾರೋ ಕೂತು ಎದ್ದ ಹಾಗೆ.”

ನೆರಳಕ್ಕ ಬೀರುವಿನಿಂದ ಕೆಟ್ಟುಹೋದ ಹಳೆಯ ಪ್ರೋಬೊಂದನ್ನು ತೆಗೆದಳು. ಮಂಚದ ಅಂಚಿನಲ್ಲಿ ಕೂತು, ಅದನ್ನು ಹೀಗೆ ಹಿಡಿದಳು, ಹಾಗೆ ಹಿಡಿದಳು. ಆಮೇಲೆ ತಿರುಗಿ ಕಿಟಕಿಯಾಚೆ, ಕಾರಿಡಾರಿನ ಕಡೆ ನೋಡಿದಳು. ಟೋಕನ್ ಅಣ್ಣನಿಗೆ ಅವಳ ಮುಖ ಹಿಂದೆಂದೂ ಅಷ್ಟು ಮುದಿಯಾಗಿ ಕಂಡಿರಲಿಲ್ಲ.

“ಟೋಕನ್ನು, ಮೂರೂವರೆಗೆ ಎಲ್ಲರನ್ನೂ ಇಲ್ಲಿಗೆ ಕರಿ. ಆರು ಕುರ್ಚಿ ಹಾಕು. ಕೈ ಇರೋ ಕುರ್ಚಿ ಬೇಡ, ಗಟ್ಟಿ ಮರದ್ದು ಹಾಕು.”

“ಗೊತ್ತಾಯ್ತಾ ಅಕ್ಕ?”

“ಅರ್ಧ ಗೊತ್ತಾಗಿದೆ. ಇನ್ನರ್ಧ ಕುರ್ಚಿ ಹೇಳಬೇಕು.”

ಮೂರೂವರೆಗೆ ಎಲ್ಲರೂ ಬಂದರು. ಸರ್ಜನ್ ಕೈಯಲ್ಲಿ ಗುಬ್ಬಿಯ ಪತ್ರವಿತ್ತು, ಇನ್ನೂ ಸಹಿಯಾಗಿರಲಿಲ್ಲ. ನೆರಳಕ್ಕ ಬಾಗಿಲು ಮುಂದಕ್ಕೆಳೆದು, “ದಯವಿಟ್ಟು ಎಲ್ಲರೂ ಕೂತ್ಕೊಳ್ಳಿ,” ಎಂದಳು. “ಬೆಳಿಗ್ಗೆಯಿಂದ ಯಾರೂ ನೆಟ್ಟಗೆ ಕೂತಿಲ್ಲ.”

ಸರ್ಜನ್, ಮೇಷ್ಟ್ರು, ಗುಬ್ಬಿ, ಟೈಲರಮ್ಮ, ಆಯಾ, ಟೋಕನ್ ಅಣ್ಣ. ಆರು ಕುರ್ಚಿಯೂ ತುಂಬಿದವು. ನೆರಳಕ್ಕ ಮಾತ್ರ ಮೆಷಿನ್ನಿಗೆ ಒರಗಿ ನಿಂತಳು.

“ಮೊದಲು ಒಂದು ತಪ್ಪೊಪ್ಪಿಗೆ ಇದೆ.” ಅವಳು ಟೋಕನ್ ಅಣ್ಣನತ್ತ ನೋಡಿದಳು.

“ನಾನು ನೀರಿಗೆ ಹೋಗಿದ್ದೆ ಸಾರ್,” ಎಂದ ಅವನು, ಎದ್ದು ನಿಂತು. “ಬೆಳಿಗ್ಗೆ ಸುಳ್ಳು ಹೇಳಿದೆ.”

“ಕೂತ್ಕೋ. ಬಾಗಿಲನ್ನ ಟೈಲರಮ್ಮ ಕಾದಿದ್ದಾರೆ. ಮುಂದಿನಿಂದ ಯಾರೂ ಬಂದಿಲ್ಲ. ಹಿಂದಿನ ಬಾಗಿಲಿರೋದು ವಾರ್ಡಿಗೆ, ಎಕ್ಸ್‌ರೇ ಕೋಣೆಗೆ, ಮೇಷ್ಟ್ರ ಕೋಣೆಗೆ. ವಾರ್ಡಿನಲ್ಲಿ ಅಂಥ ರೋಗಿ ಇಲ್ಲ ಅಂತ ಸಾಹೇಬರೇ ನೋಡಿ ಬಂದಿದ್ದಾರೆ. ರಿಜಿಸ್ಟರಿನ ಹನ್ನೊಂದು ಜನರ ಕಿಡ್ನೀನೂ ಸರಿ ಇವೆ. ಹೊರಗಿಂದ ಬಂದವರಲ್ಲ, ಒಳಗೆ ಮಲಗಿದವರೂ ಅಲ್ಲ. ಹಾಗಾದ್ರೆ ಯಾರು?”

ಮೇಷ್ಟ್ರು ಎದ್ದು ಕಿಟಕಿ ತೆರೆದರು. “ಸೆಖೆ,” ಎಂದು ಹೇಳಿ ಮತ್ತೆ ಬಂದು ಕೂತರು.

“ಮಂಚದ ಮೇಲೆ ಯಾರೂ ಮಲಗಿಲ್ಲ. ಕಾಗದದ ಅಂಚಲ್ಲಿ ಮಾತ್ರ ಸುಕ್ಕಿತ್ತು ಅಂತ ಆಯಾ ಹೇಳ್ತಾಳೆ. ಯಾರನ್ನಾದ್ರೂ ಕದ್ದು ಕರ್ಕೊಂಡು ಬಂದಿದ್ರೆ ಗುಬ್ಬಿ ಅವರನ್ನ ಮಲಗಿಸ್ತಿದ್ಲು, ಎಲ್ಲರನ್ನೂ ಮಲಗಿಸೋ ಹಾಗೆ. ತನ್ನ ಮಣೆ ಮೇಲೆ ನಿಲ್ತಿದ್ಲು, ಪೆಡಲ್ ಮಣೆ ಹತ್ತಿರ ಇರ್ತಿತ್ತು. ಆದ್ರೆ ಪೆಡಲ್ ಮಂಚದ ಆಚೆ ಕಡೆ ಹೋಗಿದೆ. ಪರದೆ ಮಂಚದ ಕಡೆ ತಿರುಗಿದೆ. ಪರದೆ ನೋಡಬೇಕಾದವರು ಯಾರು ಸಾರ್?”

“ಸ್ಕ್ಯಾನ್ ಮಾಡೋರು.”

“ಅವರೇ ಮಂಚದ ಮೇಲೆ ಕೂತಿದ್ರೆ?”

ಸರ್ಜನ್ ಹುಬ್ಬು ಗಂಟಿಕ್ಕಿದರು. ಮೇಷ್ಟ್ರ ಕುರ್ಚಿ ಕಿರುಗುಟ್ಟಿತು. ಅವರು ಮುಂದಕ್ಕೆ ಬಾಗಿದರು, ಹಿಂದಕ್ಕೆ ಒರಗಿದರು, ಎದ್ದು ಬಾಗಿಲವರೆಗೆ ಹೋಗಿ ಬಂದರು.

“ಚಿತ್ರ ತಲೆಕೆಳಗಾಗಿದೆ,” ನೆರಳಕ್ಕ ಮುಂದುವರಿಸಿದಳು. ಹಳೆಯ ಪ್ರೋಬನ್ನು ಎಡಗೈಯಲ್ಲಿ ಹಿಡಿದು, ಮೊಣಕೈ ಎತ್ತಿ, ತನ್ನದೇ ಎಡ ಪಕ್ಕೆಗೆ ಒತ್ತಿದಳು. “ಬೇರೆಯವರ ಮೈ ಮೇಲೆ ಇಟ್ಟಾಗ ನನ್ನ ಹೆಬ್ಬೆರಳು ಅವರ ತಲೆ ನೋಡುತ್ತೆ. ನನ್ನ ಮೈ ಮೇಲೇ ಹೀಗೆ ಇಟ್ಕೊಂಡ್ರೆ ನೆಲ ನೋಡುತ್ತೆ. ಬೊಟ್ಟು ಕೆಳಗೆ ಹೋಯ್ತು, ಚಿತ್ರ ಮಗುಚಿಕೊಳ್ತು. ಚಿತ್ರದೊಳಗಿನ ಕಲ್ಲನ್ನ ಎಲ್ಲರೂ ನೋಡಿದ್ರಿ. ಹಿಡಿದ ಕೈಯನ್ನ ಯಾರೂ ನೋಡಲಿಲ್ಲ. ಬಲಗೈ ಚೆನ್ನಾಗಿದ್ದೋರು ಬಲಗೈಯನ್ನೇ ಸುತ್ತಿ ತರ್ತಿದ್ರು. ಇವರಿಗೆ ಬಲ ಭುಜ ಆಗಲ್ಲ.”

ಗುಬ್ಬಿ ಮೇಷ್ಟ್ರ ಬಲ ಭುಜದತ್ತ ನೋಡಿದಳು.

“ಎರಡು ವರ್ಷದಿಂದ ಈ ಮೆಷಿನ್ ಮುಟ್ಟಿಲ್ಲದವರು. ಪೆಡಲ್ ಒತ್ತಿದ್ರೆ ಚಿತ್ರ ನಿಲ್ಲುತ್ತೆ ಅಂತ ಗೊತ್ತಿದ್ದವರು, ಈಗ ಉಳಿಯುತ್ತೆ ಅಂತ ಗೊತ್ತಿಲ್ಲದವರು. ನಿಲ್ಲಿಸಿ ನೋಡಿದ್ರು, ಮೂರು ಸಲ. ಗುರುತೇ ಉಳಿದಿಲ್ಲ ಅಂದ್ಕೊಂಡು ಶರ್ಟು ಒಳಗೆ ಸೇರಿಸಿ ಹೋದ್ರು. ಎಡಗಡೆ ಸರಿಯಾಗಿ ಸೇರಲಿಲ್ಲ. ಅದು ಟೈಲರಮ್ಮನ ಕಣ್ಣಿಗೆ ಬಿತ್ತು.”

“ಅಯ್ಯೋ, ನಾನು ಬಟ್ಟೆ ಬಗ್ಗೆ ಹೇಳಿದ್ದಮ್ಮ!” ಎಂದಳು ಟೈಲರಮ್ಮ.

“ಇಷ್ಟು ಗೊತ್ತಾದ್ರೂ ನನಗೆ ಧೈರ್ಯ ಬರಲಿಲ್ಲ ಸಾರ್. ಕೈ ಅವರದ್ದು ಅಂದ ಮಾತ್ರಕ್ಕೆ ಕಿಡ್ನಿಯೂ ಅವರದ್ದೇ ಅಂತ ಹೇಗೆ ಹೇಳಲಿ? ಅದಕ್ಕೆ ಕುರ್ಚಿ ಹಾಕಿಸಿದೆ. ಇವತ್ತು ಇಲ್ಲಿ ಎಲ್ಲರೂ ಚಡಪಡಿಸ್ತಿದ್ರು. ಗುಬ್ಬಿಗೆ ಕೆಲಸದ ಚಿಂತೆ, ಟೋಕನ್ನಿಗೆ ಸುಳ್ಳಿನ ಚಿಂತೆ, ನಿಮಗೆ ಆ ರೋಗಿ ಚಿಂತೆ. ಅಷ್ಟು ಚಡಪಡಿಕೆಯಲ್ಲಿ ಒಬ್ಬರ ಚಡಪಡಿಕೆ ಬೇರೆ ಅಂತ ಯಾರಿಗೆ ಗೊತ್ತಾಗ್ಬೇಕು? ಕೂರಿಸಿದ ಮೇಲೆ ಚಿಂತೆಯವರು ಐವರೂ ಕೂತ್ರು. ಈ ಹದಿನೈದು ನಿಮಿಷದಲ್ಲಿ ಒಬ್ಬರು ಮೂರು ಸಲ ಎದ್ದಿದ್ದಾರೆ. ಚಿಂತೆ ಮನುಷ್ಯನನ್ನ ಕೂರೋಕೆ ಬಿಡುತ್ತೆ ಸಾರ್. ಕಿಡ್ನಿ ಕಲ್ಲು ಬಿಡಲ್ಲ.”

ಎಲ್ಲರೂ ತಿರುಗಿದರು. ಮೇಷ್ಟ್ರು ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

“ಮೇಷ್ಟ್ರೇ,” ಎಂದಳು ನೆರಳಕ್ಕ ಮೆಲ್ಲಗೆ, “ಇಡೀ ದಿನ ನಾವು ಹುಡುಕಿದ್ದು ನಿಮ್ಮನ್ನೇ.”

ಅವರು ತಲೆ ತಗ್ಗಿಸಿದರು. “ಹತ್ತು ದಿನದಿಂದ ಇದೆ. ಮಾತ್ರೆ ನುಂಗಿಕೊಂಡು ತಳ್ಳಿದೆ. ಶಾಲೆಯವರು ಆರೋಗ್ಯದ ಸರ್ಟಿಫಿಕೇಟ್ ಕೇಳಿದ್ದಾರೆ. ಮೊದಲೇ ಭುಜ ಹೋದವನು, ಇದೂ ಬಂತು ಅಂದ್ರೆ ಬೇರೆಯವರನ್ನ ತಗೋತಾರೆ. ಸುಮ್ಮನೆ ಒಂದು ನೋಟ ನೋಡೋಣ ಅಂತ ಕೂತೆ. ಕಂಡ ಮೇಲೆ...” ಅವರು ಪರದೆಯತ್ತ ನೋಡಿದರು. “ಸಾವಿರಾರು ಜನಕ್ಕೆ ತೋರಿಸಿದ್ದೀನಿ ಅಕ್ಕ ಇಂಥದ್ದನ್ನ. ಹೆದರಬೇಡಿ, ನಾಳೇನೇ ಡಾಕ್ಟರ ಹತ್ತಿರ ಹೋಗಿ ಅಂತ ಬಾಯಿಪಾಠ ಹೇಳಿದ್ದೀನಿ. ನಂದು ಕಂಡಾಗ ಪ್ರೋಬ್ ಅಲ್ಲೇ ಇಟ್ಟು ಓಡಿದೆ.”

“ಬೆಳಿಗ್ಗೆ ಗೊತ್ತಾಯ್ತಲ್ಲ ನಿಮಗೆ,” ಎಂದಳು ಗುಬ್ಬಿ. “ನನ್ನ ಬಯ್ಯೋವಾಗ ಬಾಗಿಲಲ್ಲೇ ನಿಂತಿದ್ರಲ್ಲ ಮೇಷ್ಟ್ರೇ?”

“ನಾಲ್ಕು ಸಲ ಬಾಯಿ ತೆಗೆದೆ ಕಣಮ್ಮ. ಪ್ರತಿ ಸಲವೂ ಆ ಫಲಕ ಕಾಣಿಸ್ತು.”

ಯಾರೂ ಫಲಕದ ಕಡೆ ನೋಡಲಿಲ್ಲ. ಸರ್ಜನ್ ಎದ್ದು ಹೋಗಿ ಮೇಷ್ಟ್ರ ಹಣೆಗೆ ಅಂಗೈ ಇಟ್ಟರು. ಸಿಟ್ಟಾಗಬೇಕೆಂದು ಬಂದ ಮುಖ ಹಾಗೇ ಬದಲಾಯಿತು. “ಕೆಂಡದ ಹಾಗೆ ಸುಡ್ತಿದೆ. ಚಳಿ ಬರ್ತಿದೆಯಾ?”

“ಮಧ್ಯಾಹ್ನದಿಂದ.”

“ಆಪರೇಷನ್ ಕೋಣೆ ತೆಗೆಸಿ. ಇವತ್ತೇ, ಈಗಲೇ. ಅದಕ್ಕೆ ಮುಂಚೆ ನನಗೆ ಒಂದು ಸರಿಯಾದ ಚಿತ್ರ ಬೇಕು.” ಅವರು ಸುತ್ತ ನೋಡಿ, ಕೊನೆಗೆ ಗುಬ್ಬಿಯ ಮೇಲೆ ಕಣ್ಣಿಟ್ಟರು. “ಮಾಡ್ತೀಯಾ?”

ಗುಬ್ಬಿ ತೋಳಿನಿಂದ ಕಣ್ಣೊರೆಸಿಕೊಂಡಳು. ಆಯಾ ಹೊಸ ಕಾಗದ ಹಾಸಿದಳು, ಈ ಸಲ ಗೊಣಗಲಿಲ್ಲ. ಮೇಷ್ಟ್ರು ಮಂಚ ಹತ್ತಿ ಬಲ ಮಗ್ಗುಲಿಗೆ ಹೊರಳಿ ಮಲಗಿದರು. ಅವರು ಆ ಮಂಚದ ಮೇಲೆ ಮಲಗಿದ್ದು ಅದೇ ಮೊದಲು. ಗುಬ್ಬಿ ಮಣೆ ಹತ್ತಿದಳು, ಪೆಡಲನ್ನು ಕಾಲಿಂದ ಹತ್ತಿರಕ್ಕೆಳೆದುಕೊಂಡಳು, ಪ್ರೋಬ್ ಕೈಗೆತ್ತಿಕೊಂಡಳು. ಹಾಗೇ ನಿಂತುಬಿಟ್ಟಳು.

“ಏನಮ್ಮ?” ಎಂದರು ಸರ್ಜನ್.

“ಟೋಕನ್ ಇಲ್ಲ ಸಾರ್.”

ಮೇಷ್ಟ್ರು ಗೋಡೆಯತ್ತ ಮುಖ ಮಾಡಿಕೊಂಡೇ, “ಸರಿಯಾಗಿ ಹೇಳ್ತಿದ್ದಾಳೆ,” ಎಂದರು.

ಟೋಕನ್ ಅಣ್ಣ ಹೊರಗೆ ಓಡಿದ. ರಿಜಿಸ್ಟರ್ ತೆರೆದು ಹೆಸರು ಬರೆದ, ವಯಸ್ಸು ಐವತ್ತೆರಡು ಎಂದು ಬರೆದ, ಚೀಟಿ ಹರಿದು ತಂದ. ಗುಬ್ಬಿ ಅದನ್ನು ನೋಡಿ ಒಂದೊಂದೇ ಅಕ್ಷರ ಒತ್ತಿ ಮೆಷಿನ್ನಿಗೆ ಹೊಸ ಹೆಸರು ಕೊಟ್ಟಳು. ಅಂಗೈಯಲ್ಲಿ ಜೆಲ್ ಸವರಿ ಬೆಚ್ಚಗೆ ಮಾಡಿ, ಹೆಬ್ಬೆರಳನ್ನು ಬೊಟ್ಟಿನ ಮೇಲಿಟ್ಟಳು.

“ಉಸಿರು ಎಳ್ಕೊಳ್ಳಿ ಮೇಷ್ಟ್ರೇ. ಹಿಡ್ಕೊಳ್ಳಿ... ಹೆದರಬೇಡಿ.”

ಪರದೆಯ ಮೇಲೆ ಊದಿದ ಕಿಡ್ನಿ ಬಂತು. ಕಲ್ಲು, ಕಲ್ಲಿನ ಹಿಂದೆ ನೆರಳು. ಗುಲ್ಮ ಎಡಕ್ಕಿತ್ತು.

ಸರ್ಜನ್ ಪೆನ್ನಿಗಾಗಿ ಜೇಬು ತಡಕಿ, ಸಿಗದೆ, ಟೋಕನ್ ಅಣ್ಣನ ಕಿವಿಯ ಸಂದಿನಿಂದ ಪೆನ್ನು ಎಳೆದುಕೊಂಡರು. ಪತ್ರವನ್ನು ಗೋಡೆಗೆ ಒತ್ತಿ ಸಹಿ ಹಾಕಿ, ಜೆಲ್ ಬಾಟಲಿಯ ಕೆಳಗಿಟ್ಟು, ಆಪರೇಷನ್ ಕೋಣೆಯ ಕಡೆ ಓಡಿದರು. ಗುಬ್ಬಿ ಅತ್ತ ತಿರುಗಿ ಕೂಡ ನೋಡಲಿಲ್ಲ. ಅವಳ ಕಣ್ಣು ಪರದೆಯಲ್ಲೇ ಇತ್ತು.

ಹೊರಗೆ ಬಂದಾಗ ನೆರಳಕ್ಕ ಕೇಳಿದಳು, “ಎಷ್ಟನೇ ನಂಬರು ಕೊಟ್ಟೆ?”

“ಇವತ್ತಿನ ಲೆಕ್ಕಕ್ಕೆ ಒಂಬತ್ತು ಅಕ್ಕ. ಆದ್ರೆ ಮಂಗಳವಾರದ ಪುಟ ತೆಗೆದು, ಹನ್ನೆರಡು ಅಂತ ಅಲ್ಲೂ ಬರೆದೆ. ಯಾಕೋ ಆ ಪುಟ ಪೂರ್ತಿಯಾಗಿಲ್ಲ ಅನ್ನಿಸ್ತಿತ್ತು.”

ನೆರಳಕ್ಕ ಎಕ್ಸ್‌ರೇ ಕೋಣೆಯ ಕಡೆ ನಡೆದಳು. ಅಲ್ಲಿ ಯಾರೋ ಮುರಿದ ಕಾಲು ಚಾಚಿಕೊಂಡು ಕಾಯುತ್ತಿದ್ದರು. ಟೋಕನ್ ಅಣ್ಣ ತನ್ನ ಕುರ್ಚಿ ಎಳೆದುಕೊಂಡು, ಆ ದಿನ ಮೊದಲ ಸಲ, ಬೆನ್ನು ಊರಿ ಕೂತ.